ಅವ್ವ ಬಿಟ್ಟುಹೋದ ಏಳು ಸೂಜಿ

ಹುಣಸಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕ ಒಂದು ಮೊಳೆ ಇದೆ. ಅದಕ್ಕೆ ಅಂಗೈ ಅಗಲದ ಒಂದು ಖಣದ ತುಂಡು ಜೋತುಬಿದ್ದಿರುತ್ತದೆ. ಹಳೇ ಕುಬಸದ ತುಂಡು, ಗುಳೇದಗುಡ್ಡದ ಖಣ. ಅವ್ವ ತನ್ನ ಸೂಜಿಗಳನ್ನು ಚುಚ್ಚಿಡುತ್ತಿದ್ದದ್ದು ಅದರಲ್ಲೇ.

ಅವ್ವ ತೀರಿಕೊಂಡ ಐದನೇ ದಿನ ನಾನು ಆ ತುಂಡನ್ನು ಕೈಗೆ ತಗೊಂಡೆ. ಹತ್ತು ಸೂಜಿ ಇದ್ದವು. ಮೂರು ಖಾಲಿ. ಏಳಕ್ಕೆ ದಾರ ಪೋಣಿಸಿತ್ತು. ಮೊಳದುದ್ದದ ಬಿಳಿ ದಾರ, ತುದಿಗೆ ಗಂಟು. ಹೊಲಿಯೋದಷ್ಟೇ ಬಾಕಿ.

ನನಗೆ ಗೊತ್ತಿದ್ದ ಮಟ್ಟಿಗೆ ಅವ್ವನ ಕಣ್ಣಿಗೆ ಸೂಜಿಯ ಕಣ್ಣು ಕಾಣೋದು ನಿಂತು ಎಂಟು ವರ್ಷ ಆಗಿತ್ತು. ಹಾಗಾದರೆ ಇವನ್ನು ಪೋಣಿಸಿದವರು ಯಾರು? ವೈನಿಯನ್ನು ಕೇಳಿದೆ. "ನಾ ಅಲ್ಲ" ಅಂದರು. ಅಣ್ಣನಿಗೆ ಗೊತ್ತೇ ಇರಲಿಲ್ಲ. ಹೊರಗೆ ಕಟ್ಟೆ ಮೇಲೆ ಕೂತಿದ್ದ ಅಪ್ಪನನ್ನು ಕೇಳಬೇಕು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ.

ಈ ಸಲದ ಅಂಕಣ ಆ ಏಳು ಸೂಜಿಗಳ ಬಗ್ಗೆ.

ಬಣ್ಣ ಜಗಳಾಡಾಕತ್ತಾವ

ನಮ್ಮ ಊರು ಗೊತ್ತಿಲ್ಲದವರಿಗೆ ಎರಡು ಮಾತು. ಹುಣಸಗಿ ಯಾದಗಿರಿ ಜಿಲ್ಲೆಯಲ್ಲಿದೆ. ಮೊದಲು ಸುರಪುರ ತಾಲೂಕಿಗೆ ಸೇರಿತ್ತು, ಈಗ ನಮ್ಮದೇ ತಾಲೂಕು. ನಾರಾಯಣಪುರದ ಬಸವಸಾಗರದಿಂದ ಕಾಲುವೆ ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಬೇಸಿಗೆ ಅಂದರೆ ಬೇಸಿಗೆ, 40 ಡಿಗ್ರಿ ದಾಟುತ್ತದೆ. ಆಗ ರಾತ್ರಿ ಎಲ್ಲರೂ ಮಾಳಿಗೆ ಹತ್ತಿ ಮಲಗುತ್ತೇವೆ. ಕೆಳಗೆ ಹಾಸೋಕೆ ಕೌದಿ, ಬೆಳಗಿನ ಜಾವದ ಗಾಳಿಗೆ ಹೊದೆಯೋಕೂ ಕೌದಿ.

ಕೌದಿ ಅಂದರೆ ಉತ್ತರ ಕರ್ನಾಟಕದವರಿಗೆ ಹೇಳಬೇಕಿಲ್ಲ. ಉಳಿದವರಿಗೆ: ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಬಟ್ಟೆಯ ತುಂಡು ಜೋಡಿಸಿ, ದಾರ ಮೇಲೆ-ಕೆಳಗೆ ಓಡುವ ಸಾದಾ ಹೊಲಿಗೆಯಲ್ಲಿ ಇಡೀ ಹಾಸನ್ನು ಹೊಲಿಯುವುದು. ಒಂದು ಕೌದಿಗೆ ಸಾವಿರಾರು ಹೊಲಿಗೆ ಬೀಳುತ್ತವೆ. ನಮ್ಮ ಕಡೆ ದುಡ್ಡಿಗೆ, ಜೋಳಕ್ಕೆ ಕೌದಿ ಹೊಲಿದುಕೊಡುತ್ತಾ ಊರೂರು ತಿರುಗುವ ಹೆಣ್ಣುಮಕ್ಕಳೂ ಇದ್ದಾರೆ. ಅವ್ವ ಹೊಲಿದದ್ದು ಮಾತ್ರ ಮನೆಯವರಿಗೆ, ಬೀಗರಿಗೆ, ಬಾಣಂತಿಯರಿಗೆ, ಹುಟ್ಟಿದ ಕೂಸುಗಳಿಗೆ.

ಅವ್ವ ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಮಧ್ಯಾಹ್ನ ಊಟ ಆದ ಮೇಲೆ ಅಂಗಳದಲ್ಲಿ ತುಂಡುಗಳನ್ನು ಹರಡುತ್ತಿದ್ದಳು. ಹರಡಿ ಎದ್ದುನಿಂತು ಒಂದು ಸುತ್ತು ಹಾಕಿ ನೋಡುತ್ತಿದ್ದಳು. ಸೊಂಟಕ್ಕೆ ಕೈ, ಬಾಯಲ್ಲಿ ಎಲೆಅಡಿಕೆ. "ಇಲ್ಲಿ ಬಣ್ಣ ಜಗಳಾಡಾಕತ್ತಾವ ನೋಡು" ಅಂತ ಒಂದು ಹಳದಿ ತುಂಡು ಎತ್ತಿ ಆ ಕಡೆ ಇಡುತ್ತಿದ್ದಳು. ಮತ್ತೆ ಒಂದು ಸುತ್ತು. ಒಮ್ಮೊಮ್ಮೆ ನಾಲ್ಕು ದಿನ ಬರೀ ಹರಡೋದು, ತೆಗೆಯೋದು. ಒಂದು ಹೊಲಿಗೆಯೂ ಬೀಳುತ್ತಿರಲಿಲ್ಲ.

"ಹಳೇ ಬಟ್ಟಿ ಮುಗಸಾಕ ಇಷ್ಟ ಯಾಕ ತಲಿ ಕೆಡಿಸ್ಕೊಂತಿ ಬೇ?" ಅಂತ ನಾನು ಕೇಳುತ್ತಿದ್ದೆ.

"ಹಳೇ ಬಟ್ಟಿ ಅಂತ ಹೊಸಾ ಕೌದಿ ಕೆಡಸ್ಲೇನು?" ಅನ್ನುತ್ತಿದ್ದಳು.

ಅವ್ವನ ಪ್ರತಿ ಕೌದಿಯಲ್ಲೂ ಎಲ್ಲೋ ಒಂದು ಕಡೆ, ಹೊಂದಿಕೆಯಿಲ್ಲದ ಜಾಗದಲ್ಲಿ, ಬೆರಳಗಲದ ಒಂದು ಕರಿ ತುಂಡು ಇರುತ್ತಿತ್ತು. ದೃಷ್ಟಿಗೆ. ಮತ್ತೆ ಒಂದು ಮೂಲೆಯನ್ನು ಹೊಲಿಯದೆ ಚೀಲದ ಹಾಗೆ ಬಿಟ್ಟಿರುತ್ತಿದ್ದಳು. ಎಲ್ಲ ಮುಗಿದ ಮೇಲೆ ಅದರೊಳಗೆ ಒಂದು ಚೂರು ಹೋಳಿಗಿಯೋ ಬೆಲ್ಲವೋ ಇಟ್ಟು ಬಾಯಿ ಹೊಲಿಯುತ್ತಿದ್ದಳು. "ಕೌದಿಗೂ ಹೊಟ್ಟಿ ಇರ್ತದ. ತಾನ ಹಸಗೊಂಡಿದ್ರ ಮಂದೀನ ಏನ್ ಬೆಚ್ಚಗ ಇಡ್ತದ ಅದು?" ಇರುವೆ ಬರುತ್ತದೆ ಅಂತ ನಾವು ನಗುತ್ತಿದ್ದೆವು. ಒಂದು ದಿನವೂ ಇರುವೆ ಬಂದಿದ್ದು ನೆನಪಿಲ್ಲ.

ಐದು ನಿಮಿಷ ಬೇ, ಕಾಲ್‌ನಾಗ ಅದೀನಿ

ನಾನು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೊದಲ ವರ್ಷ ಅವ್ವ ಬಸ್ಸಿನಲ್ಲಿ ಒಂದು ಕೌದಿ ಕಳಿಸಿದಳು. ಮೂರ್ನಾಲ್ಕು ಕೆಜಿ ಭಾರ. ಪೀಜಿಯ ಮಂಚಕ್ಕೆ ಅದು ದೊಡ್ಡದು. ವಾಷಿಂಗ್ ಮಷೀನಿಗೆ ಹಾಕೋಕೆ ಆಗಲ್ಲ, ನೆನೆಸಿದರೆ ಒಬ್ಬಳೇ ಎತ್ತೋಕೆ ಆಗಲ್ಲ. ಎರಡನೇದು ಕಳಿಸ್ತೀನಿ ಅಂದಾಗ ನಾನು ಫೋನಿನಲ್ಲಿ ಹೇಳಿದೆ:

"ಬ್ಯಾಡ ಬೇ, ಇನ್ನ ಕಳಸಬ್ಯಾಡ. ಇಲ್ಲಿ ಎಲ್ಲಾ ಆನ್‌ಲೈನ್ ಸಿಗ್ತದ. ಹಗುರಾಗಿರ್ತದ."

"ಆತು ಬಿಡು" ಅಂದಳು. ಅಷ್ಟೇ.

ಆಮೇಲೆ ನಾನು ಮನೆ ಬದಲಿಸಿದೆ. ಸಾಮಾನು ಸಾಗಿಸುವಾಗ ಫ್ರಿಜ್‌ಗೆ ಗೀರು ಬೀಳದಿರಲಿ ಅಂತ ಆ ಕೌದಿಯನ್ನೇ ಸುತ್ತಿದೆ. ಹಗ್ಗ ಬಿಗಿದ ಕಡೆ ಹರಿಯಿತು. ಹರಿದದ್ದನ್ನು ಬಾಲ್ಕನಿಯಲ್ಲಿ ಒಗೆದೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತದೆ. ಬರೆಯದೆ ಬಿಟ್ಟರೆ ಉಳಿದ ಮಾತಿಗೆ ಅರ್ಥ ಇರಲ್ಲ.

ಒಂದು ಸಲ ಅವ್ವ ಬೆಂಗಳೂರಿಗೆ ಬಂದಳು. ಹದಿನೈದು ದಿನ ಇರ್ತೀನಿ ಅಂದವಳು ಒಂದು ವಾರಕ್ಕೆ ಹೊರಟಳು. ಬಂದ ಎರಡನೇ ದಿನ ಬಾಲ್ಕನಿಯ ಕೌದಿ ಕಣ್ಣಿಗೆ ಬಿತ್ತು. ಏನೂ ಅನ್ನಲಿಲ್ಲ. ಅದನ್ನು ಒಳಗೆ ತಂದು ಝಾಡಿಸಿ, ತನ್ನ ಚೀಲದಿಂದ ಸೂಜಿ ದಾರ ತೆಗೆದಳು. ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ, ಕಿವಿಯಲ್ಲಿ ಹೆಡ್‌ಫೋನ್.

"ಇದಕ್ಕೊಂದ್ ದಾರ ಪೋಣಿಸಿ ಕೊಡ ಯವ್ವಾ."

"ಐದ ನಿಮಿಷ ಬೇ, ಕಾಲ್‌ನಾಗ ಅದೀನಿ."

ಆ ಕಾಲ್ ಮುಗಿದು ಇನ್ನೊಂದು ಶುರುವಾಯಿತು. ಸಂಜೆ ನೋಡಿದಾಗ ಕೌದಿಯ ಹರಕು ಮುಚ್ಚಿತ್ತು. ಎದುರು ಮನೆಯ ಹುಡುಗನನ್ನು ಕರೆದು ದಾರ ಪೋಣಿಸಿಕೊಂಡಿದ್ದಳಂತೆ. "ಚಲೋ ಹುಡುಗ, ಏಳನೇತ್ತ ಅದಾನಂತ" ಅಂದಳು. ನನ್ನ ಮೇಲೆ ಒಂಚೂರೂ ಬೇಜಾರಿರಲಿಲ್ಲ. ಅದೇ ಈಗ ಚುಚ್ಚೋದು.

ಕಾರ್ತಿಕದ ಆ ಬೆಳಗು

ಹೋದ ಕಾರ್ತಿಕ ಮಾಸದಲ್ಲಿ ಒಂದು ಬೆಳಗ್ಗೆ ಆರೂ ಹತ್ತಕ್ಕೆ ಅಣ್ಣನ ಫೋನ್. "ಅವ್ವ..." ಅಂದ, ಆಮೇಲೆ ಮಾತು ಹೊರಡಲಿಲ್ಲ. ಕಾರು ಮಾಡಿಕೊಂಡು ಹೊರಟೆ. ಐನೂರು ಕಿಲೋಮೀಟರ್ ಆಸುಪಾಸಿನ ದಾರಿ. ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ನನಗಾಗಿ ಕಾಯ್ದಿದ್ದರು.

ಹೃದಯ ನಿಂತಿತ್ತು. ಹಿಂದಿನ ದಿನ "ಸುಸ್ತ್ ಆಗೇದ, ಬೆನ್ನ ಹಿಡದದ" ಅಂತ ವೈನಿ ಹತ್ತಿರ ಒಂದು ಮಾತು ಅಂದಿದ್ದಳಂತೆ, ಅಷ್ಟೇ. ಎದೆನೋವು ಅಂತ ಒಮ್ಮೆಯೂ ಹೇಳಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ: ಹೆಂಗಸರಲ್ಲಿ ಹೃದಯಾಘಾತ ಎಷ್ಟೋ ಸಲ ಸಿನೆಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಬರೋದಿಲ್ಲ. ವಿಪರೀತ ಸುಸ್ತು, ಉಸಿರಾಡೋಕೆ ಕಷ್ಟ, ಬೆನ್ನು, ಭುಜ, ದವಡೆ ನೋವು, ವಾಕರಿಕೆ, ತಣ್ಣನೆ ಬೆವರು. ಇಷ್ಟೇ ಇರಬಹುದು. ನಿಮ್ಮ ಅಮ್ಮ, ಅತ್ತೆ ಇಂಥದ್ದೇನಾದರೂ ಅಂದರೆ "ರೆಸ್ಟ್ ಮಾಡಮ್ಮ" ಅಂತ ಫೋನ್ ಇಡಬೇಡಿ. ದವಾಖಾನೆಗೆ ಕಳಿಸಿ.

ಟ್ರಂಕಿನ ಒಳಗೆ

ಐದನೇ ದಿನ ಅವ್ವನ ಟ್ರಂಕು ತೆಗೆದೆವು. ಚಿಗವ್ವ, ಅತ್ತಿ, ಓಣಿಯ ಹೆಂಗಸರು ಸುತ್ತ ಕೂತಿದ್ದರು. ಸೀರೆಗಳನ್ನು ಹೆಣ್ಣುಮಕ್ಕಳಿಗೆ ಒಂದೊಂದು ಹಂಚುವುದು ರೂಢಿ. ಸತ್ತವರ ಹಾಸಿಗೆ-ಹೊದಿಕೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅನ್ನೋದು ಹಿರಿಯರ ಮಾತು.

ಸೀರೆಗಳ ಕೆಳಗೆ ಮಡಿಸಿಟ್ಟ ಒಂದು ಕೌದಿ ಇತ್ತು. ಅರ್ಧಕ್ಕಿಂತ ಹೆಚ್ಚು ಹೊಲಿದದ್ದು. ಅವ್ವ ಅಂಚಿನಿಂದ ಶುರುಮಾಡಿ ಸುತ್ತಾ ಸುತ್ತಾ ಒಳಕ್ಕೆ ಬರುತ್ತಿದ್ದಳು. ಹಾಗಾಗಿ ನಡುವೆ ಒಂದು ಮೊರದಷ್ಟು ಜಾಗ ಹೊಲಿಗೆಯಿಲ್ಲದೆ ಉಳಿದಿತ್ತು. ಅಲ್ಲಿ ತುಂಡುಗಳು ಕಚ್ಚಾ ಹೊಲಿಗೆಯಲ್ಲಿ ಸುಮ್ಮನೆ ನಿಂತಿದ್ದವು.

ತುಂಡುಗಳನ್ನು ಒಂದೊಂದಾಗಿ ಗುರುತು ಹಿಡಿದೆವು. ಅವ್ವನ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗು. ಅಣ್ಣನ ಸಾಲಿ ಚಡ್ಡಿಯ ಖಾಕಿ. ಅಪ್ಪನ ಧೋತರದ ಅಂಚು. ಅಜ್ಜಿಯ ಕುಬಸ. ನಾನು ಮೊದಲ ಸಂಬಳದಲ್ಲಿ ತಗೊಂಡು, ಬಣ್ಣ ಬಿಟ್ಟಿತು ಅಂತ ಊರಲ್ಲೇ ಬಿಟ್ಟುಬಂದಿದ್ದ ಚೂಡಿದಾರ.

ನಡುವೆ ಬೂದು ಬಣ್ಣದ ಒಂದಿಷ್ಟು ತುಂಡುಗಳಿದ್ದವು. ಅವುಗಳ ಮೇಲೆ ಹಳದಿ ಗೆರೆಗಳು, ಹೂವಿನ ಎಸಳಿನ ಹಾಗೆ. ಯಾವ ಬಟ್ಟೆ ಅಂತ ತಿಳಿಯಲಿಲ್ಲ. ಹತ್ತಿರ ತಂದು ನೋಡಿದೆ. ಅದು ನನ್ನ ಮೊದಲ ಆಫೀಸಿನ ಟೀ ಶರ್ಟು. ಕಂಪನಿಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅವ್ವ ಒಂದೊಂದೇ ಕತ್ತರಿಸಿ, ತಲೆಕೆಳಗು ಮಾಡಿ, ಓರೆ ಮಾಡಿ, ಸುತ್ತಲೂ ಇಟ್ಟು ಹೂವು ಮಾಡಿದ್ದಳು. ಅವಳಿಗೆ ಅದು ಅಕ್ಷರ ಅನ್ನೋದು ಗೊತ್ತಿತ್ತು, ಯಾವ ಅಕ್ಷರ ಅನ್ನೋದು ಗೊತ್ತಿರಲಿಲ್ಲ. ನನಗೆ ಅಕ್ಷರ ಗೊತ್ತಿತ್ತು, ಅದರೊಳಗೆ ಹೂವು ಇದೆ ಅಂತ ಗೊತ್ತಿರಲಿಲ್ಲ.

ಅಲ್ಲಿಂದ ವಾದ ಶುರುವಾಯಿತು. ಚಿಗವ್ವ ಅಂದರು, "ಅರ್ಧಾ ಕೌದಿ ಮನ್ಯಾಗ ಇರಬಾರ್ದು, ಹೊಲಿಯೋರಿಗೆ ಕೊಟ್ಟು ಮುಗಸ್ರಿ." ಅತ್ತಿ ಅಂದರು, "ಅಕಿ ಜೋಡೀನ ಹೋಗಬೇಕಿತ್ತು ಅದು." ಅಣ್ಣ ಹಾಗೇ ಮಡಿಸಿ ಒಳಗಿಡೋಣ ಅಂದ. ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಒಂದು ಮಾತೂ ಆಡದೆ ಹೊರಗೆ ಹೋದ.

ಅಪ್ಪನ ಲೆಕ್ಕ

ಮರುದಿನ ಬೆಳಗಿನ ಐದಕ್ಕೆ ಎಚ್ಚರವಾಯಿತು. ಪಡಸಾಲೆಯಲ್ಲಿ ದೀಪ ಉರಿಯುತ್ತಿತ್ತು. ಅಪ್ಪ ಚಾಳೀಸು ಹಾಕಿಕೊಂಡು, ಕಿಟಕಿ ಕೆಳಗೆ ಕೂತು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಆ ಖಾಲಿ ಮೂರು ಸೂಜಿಗಳಲ್ಲಿ ಒಂದಕ್ಕೆ ಪೋಣಿಸುತ್ತಿದ್ದ. ಗಂಟು ಕಟ್ಟಿದ ಮೇಲೆ ಅದನ್ನು ಖಣಕ್ಕೆ ಚುಚ್ಚಿದ.

ನಾನು ಸುಮ್ಮನೆ ಪಕ್ಕದಲ್ಲಿ ಕೂತೆ. ಅವನೇ ಹೇಳಿದ. "ಕೈಗೆ ರೂಢಿ ಆಗೇದ ಯವ್ವಾ."

ಅವ್ವನ ಕಣ್ಣಿನ ಪೊರೆಯ ಆಪರೇಶನ್ ಆದ ವರ್ಷದಿಂದ ಅಪ್ಪ ದಿನಾ ಬೆಳಗ್ಗೆ ಹೊಲಕ್ಕೆ ಹೋಗೋ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಿದ್ದನಂತೆ. ನಾವು ಏಳೋ ಹೊತ್ತಿಗೆ ಅವನು ಹೊಲದಲ್ಲಿ. ಅದಕ್ಕೇ ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಅವ್ವನೂ ಹೇಳಿರಲಿಲ್ಲ. ಗಂಡಸು ಸೂಜಿ ದಾರ ಹಿಡಿಯೋದು ನಾಲ್ಕು ಮಂದಿಗೆ ಗೊತ್ತಾದರೆ ನಗುತ್ತಾರೆ ಅಂತ ಇರಬಹುದು. ಅಥವಾ ಅದು ಅವರಿಬ್ಬರ ನಡುವೆಯೇ ಇರಲಿ ಅಂತಲೂ ಇರಬಹುದು.

"ಸಂಜೀಕ ಬಂದ ಕೂಡ್ಲೇ ನಾ ಮೊದಲ ಇದನ್ನ ನೋಡ್ತಿದ್ದೆ" ಅಂದ ಅಪ್ಪ, ಖಣದ ಕಡೆ ಕೈ ತೋರಿಸಿ. "ಹತ್ತೂ ಖಾಲಿ ಆಗಿದ್ವು ಅಂದ್ರ ಅವತ್ತು ಆರಾಮದಾಳ. ಎಂಟು ಒಂಬತ್ತು ಆಗಿದ್ವು ಅಂದ್ರ ಮನಿಗೆ ಯಾರೋ ಬಂದಿದ್ರು. ಐದು ಆಗಿದ್ವು ಅಂದ್ರ ಮೈಯಾಗ ಚಲೋ ಇಲ್ಲ, ಇಲ್ಲಾ ಮನಸಿನ್ಯಾಗ ಏನೋ ಅದ. ಕೇಳಿದ್ರ ಹೇಳಾಕಿ ಅಲ್ಲ ನಿಮ್ಮವ್ವ. ಸೂಜಿ ಹೇಳ್ತಿದ್ವು."

ಆಮೇಲೆ ತುಂಬ ಹೊತ್ತು ಸುಮ್ಮನಿದ್ದ.

"ಆ ದಿನಾ ಮೂರ ಖಾಲಿ ಆಗಿದ್ವು. ನಾ ನೋಡ್ದೆ. ಭತ್ತ ಕೊಯ್ಯೋ ಮಷೀನಿನ ಪಾಳಿ ರಾತ್ರೀಗೆ ಬಂದಿತ್ತು. ಹೊಲಕ್ಕ ಓಡೂ ಗಡಿಬಿಡಿ. ಮುಂಜಾನಿ ಕೇಳೂಣು ಅಂದ್ಕೊಂಡೆ."

ಇದಕ್ಕೆ ನಾನು ಏನು ಹೇಳಲಿ? "ನಿಂದೇನೂ ತಪ್ಪಿಲ್ಲ ಯಪ್ಪಾ" ಅಂದೆ. ಅದು ನಿಜವೇ. ಆದರೆ ಅವನು ಅದನ್ನು ನಂಬಲಿಲ್ಲ, ನಂಬಲಿ ಅಂತ ನಾನೂ ಒತ್ತಾಯ ಮಾಡಲಿಲ್ಲ. ನನ್ನ ಹತ್ತಿರವೂ ಒಂದು ಐದು ನಿಮಿಷದ ಲೆಕ್ಕ ಇತ್ತಲ್ಲ. ಅವತ್ತು ಅದನ್ನು ಅಪ್ಪನಿಗೆ ಹೇಳಿದೆ. ಬಾಲ್ಕನಿ, ಫ್ರಿಜ್ಜು, ಕಾಲು, ಎದುರು ಮನೆಯ ಹುಡುಗ, ಎಲ್ಲ. ಕೇಳಿ ಅಪ್ಪ ಅಂದ:

"ಬೆಂಗಳೂರಿಂದ ಬಂದ ಮ್ಯಾಲ ಅಕಿ ನನಗ ಹೇಳಿದ್ಲು. ಹರದ ಕೌದಿ ಕಂಡು ಖುಷಿ ಆಗಿತ್ತಂತ. ಬಳಸ್ಯಾಳ ಅಂತ."

ಇದು ನಿಜವೋ, ನನಗೆ ಸಮಾಧಾನ ಆಗಲಿ ಅಂತ ಅಪ್ಪ ಅಲ್ಲೇ ಕಟ್ಟಿದ ಮಾತೋ, ಕೇಳಲಿಲ್ಲ.

ಮೊರದಷ್ಟು ಜಾಗ

ಕೌದಿಯನ್ನು ಯಾರಿಗೂ ಕೊಡಲಿಲ್ಲ. ನಾನೇ ಹೊಲಿತೀನಿ ಅಂದೆ. ಚಿಗವ್ವ ನಕ್ಕರು, "ಗುಂಡಿ ಹಚ್ಚಾಕ ಬರ್ತದೇನ ನಿನಗ?" ನಿಜ, ಬರುತ್ತಿರಲಿಲ್ಲ.

ಪೋಣಿಸಿಟ್ಟ ಆ ಏಳು ಸೂಜಿ ಮುಟ್ಟೋಕೆ ನನಗೆ ಭಯ. ಅವನ್ನು ಹಾಗೇ ಇಡೋಣ, ನೆನಪಿಗೆ ಇರಲಿ ಅಂದೆ. ಅಪ್ಪ ಒಪ್ಪಲಿಲ್ಲ. "ಹೊಲೀಲಿ ಅಂತ ಪೋಣಿಸಿಟ್ಟದ್ದು. ಇಟ್ಟು ಪೂಜಿ ಮಾಡಾಕಲ್ಲ."

ರಜೆ ಇದ್ದಷ್ಟು ದಿನ ಕೂತೆ. ಆಮೇಲೆ ತಿಂಗಳಿಗೊಮ್ಮೆ ಊರಿಗೆ ಹೋದಾಗೆಲ್ಲ ಕೂತೆ. ಅಪ್ಪ ಪೋಣಿಸುತ್ತಿದ್ದ, ನಾನು ಹೊಲಿಯುತ್ತಿದ್ದೆ. ನಡುವೆ ವೈನಿ ಒಲೆ ಇಳಿಸಿ ಬಂದು ತಪ್ಪಿದ ಕಡೆ ತೋರಿಸುತ್ತಿದ್ದರು. ಅವ್ವನ ಹೊಲಿಗೆ ಇರುವೆ ಸಾಲಿನ ಹಾಗೆ. ನನ್ನದು ಸಂತೆಯಿಂದ ತಪ್ಪಿಸಿಕೊಂಡ ಕುರಿಗಳ ಹಾಗೆ. ಎಲ್ಲಿ ಅವ್ವ ನಿಲ್ಲಿಸಿದಳು, ಎಲ್ಲಿಂದ ನಾನು ಶುರುಮಾಡಿದೆ ಅನ್ನೋದು ಕುರುಡರೂ ಕೈಯಾಡಿಸಿ ಹೇಳಬಹುದು. ಬಿಚ್ಚಿ ಮತ್ತೆ ಹೊಲಿಯೋಣ ಅಂದುಕೊಂಡೆ. ಬೇಡ ಅನಿಸಿತು. ಆ ಗಡಿ ಹಾಗೇ ಕಾಣಲಿ.

ಕೈಯಿಂದ ಮಾಡುವಾಗ ಗೊತ್ತಾದದ್ದೇ ಬೇರೆ. ಸೀರೆಯ ಪದರಗಳು ಜರುಗದ ಹಾಗೆ ಎಡಗೈಯನ್ನು ಕೆಳಗೆ ಇಟ್ಟಿರಬೇಕು. ಸೂಜಿ ಮೇಲೆ ಬರೋ ಮುಂಚೆ ಆ ಬೆರಳಿಗೆ ಒಮ್ಮೆ ಚುಚ್ಚುತ್ತದೆ. ಅವ್ವನ ಎಡಗೈ ತೋರುಬೆರಳು ಯಾಕೆ ಒರಟಾಗಿತ್ತು ಅಂತ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಮೂರನೇ ದಿನಕ್ಕೆ ನನ್ನ ಬೆರಳೇ ಉತ್ತರ ಕೊಟ್ಟಿತು.

ಯುಗಾದಿಗೆ ಕೌದಿ ಮುಗಿಯಿತು. ಸಾವಾದ ವರ್ಷ, ನಮ್ಮ ಮನೆಯಲ್ಲಿ ಹಬ್ಬ ಇಲ್ಲ, ಹೋಳಿಗಿ ಇಲ್ಲ. ಪಕ್ಕದ ಮನೆಯವರು ತಾಟಿನಲ್ಲಿ ನಾಲ್ಕು ಹೋಳಿಗಿ ಮುಚ್ಚಿಕೊಂಡು ಬಂದು ಕೊಟ್ಟರು. ಅಪ್ಪ ಒಂದು ಚೂರು ಮುರಿದು, ಅವ್ವ ಬಿಟ್ಟಿದ್ದ ಮೂಲೆಯೊಳಗೆ ತಾನೇ ಇಟ್ಟ. ನಾನು ಬಾಯಿ ಹೊಲಿದೆ. ಕರಿ ತುಂಡು ಎಲ್ಲಿದೆ ಅಂತ ಹುಡುಕಿದೆವು. ಅವ್ವ ಅದನ್ನು ಮೊದಲೇ ಹಚ್ಚಿದ್ದಳು. ನನ್ನ ಟೀ ಶರ್ಟಿನ ಹೂವಿನ ಪಕ್ಕದಲ್ಲೇ.

ಕಲ್ಲು ಉಳಿಯುತ್ತದೆ, ಬಟ್ಟೆ ಉಳಿಯೋದಿಲ್ಲ

ನಮ್ಮೂರಿನ ಹೆಸರು ಜಗತ್ತಿನ ಪ್ರಾಚೀನ ಇತಿಹಾಸದ ಪುಸ್ತಕಗಳಲ್ಲಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ದಶಕಗಳ ಕಾಲ ಹುಣಸಗಿ ಕಣಿವೆಯಲ್ಲಿ ಹುಡುಕಾಡಿ ಹಳೇ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಸುಣ್ಣದ ಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಕಾರ್ಖಾನೆಯಂಥ ಜಾಗವೇ ಸಿಕ್ಕಿತು. ಸುಮಾರು 12 ಲಕ್ಷ ವರ್ಷದಷ್ಟು ಹಳೆಯದು ಅಂತ ಅಂದಾಜು. ಮಾಡಿದ ಆಯುಧವೂ ಇದೆ, ಮಾಡುವಾಗ ಸಿಡಿದ ಚಕ್ಕೆಯೂ ಇದೆ.

ಕೌದಿಗೆ ಅಂಥ ಅದೃಷ್ಟವಿಲ್ಲ. ಇಪ್ಪತ್ತು ವರ್ಷ ಬಾಳಿದರೆ ಹೆಚ್ಚು. ಹರಿದ ಕೌದಿ ಎತ್ತಿನ ಬೆನ್ನಿಗೆ, ಆಮೇಲೆ ಕಾಲೊರೆಸೋಕೆ, ಆಮೇಲೆ ತಿಪ್ಪೆಗೆ.

ಮಾತಿನದೂ ಒಮ್ಮೊಮ್ಮೆ ಇದೇ ಕತೆ. ನಮ್ಮ ಕಡೆಯ ಮುದನೂರಿನ ದೇವರ ದಾಸಿಮಯ್ಯನ ಹೆಸರು ನೀವು ಸಾಲಿಯಲ್ಲಿ ಓದಿರುತ್ತೀರಿ. ನೇಕಾರ, ವಚನಕಾರ. ಅವರ ನೂರಕ್ಕೂ ಹೆಚ್ಚು ವಚನ ನಮಗೆ ಸಿಕ್ಕಿವೆ. ಅವರ ಹೆಂಡತಿ ದುಗ್ಗಳೆಯೂ ವಚನ ಬರೆದವಳು. ಅವಳ ಅಂಕಿತದಲ್ಲೇ ಗಂಡನ ಹೆಸರು ಸೇರಿದೆ, 'ದಾಸಯ್ಯಪ್ರಿಯ ರಾಮನಾಥ' ಅಂತ. ಸಿಕ್ಕಿರೋದು ಎರಡೇ ವಚನ. ಒಂದೇ ಮನೆಯಲ್ಲಿ, ಒಂದೇ ಮಗ್ಗದ ಸಪ್ಪಳದಲ್ಲಿ ಬಾಳಿದವಳು ಎರಡೇ ಹೇಳಿದ್ದಳೋ, ಉಳಿದದ್ದನ್ನು ಯಾರೂ ಎತ್ತಿಡಲಿಲ್ಲವೋ ಅಂತ ನಾನು ಈಗೀಗ ಯೋಚಿಸುತ್ತೇನೆ.

ದೂರದ ಇನ್ನೊಂದು ಊರಿನ ಸಂಗತಿ. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಹೆಂಗಸರು ತಲೆಮಾರುಗಳಿಂದ ಹಳೇ ಬಟ್ಟೆಯಲ್ಲಿ ನಮ್ಮ ಕೌದಿಯಂಥದ್ದೇ ಹೊದಿಕೆ ಹೊಲಿಯುತ್ತಾರೆ. 1942ರಲ್ಲಿ ಅಲ್ಲಿನ ಮಿಸ್ಸೂರಿ ಪೆಟ್‌ವೇ ಎಂಬಾಕೆ ತೀರಿಹೋದ ಗಂಡನ ಹೊಲದ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಒಂದು ಹೊದಿಕೆ ಹೊಲಿದರು. ಅವನನ್ನು ನೆನೆಯೋಕೆ, ಅದನ್ನು ಹೊದ್ದು ಮಲಗೋಕೆ. 2002ರಲ್ಲಿ ಆ ಊರಿನ ಹೊದಿಕೆಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು. 2006ರಲ್ಲಿ ಅಲ್ಲಿನ ಅಂಚೆಚೀಟಿಗಳ ಮೇಲೂ ಬಂದವು. ಇದನ್ನು ಅಪ್ಪನಿಗೆ ಫೋನಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, "ಇವರಿಗೂ ಬಣ್ಣ ಜಗಳಾಡ್ತಿದ್ವು ಕಾಣ್ತದ" ಅಂದ.

ಅವ್ವನ ಕೌದಿಗಳು ಮ್ಯೂಸಿಯಂಗೆ ಹೋಗಲಿ ಅಂತ ನನಗಿಲ್ಲ. ಎಷ್ಟಿದ್ದವು ಅನ್ನೋದಾದರೂ ಗೊತ್ತಾಗಲಿ ಅನಿಸಿತು. ಅಪ್ಪನೂ ನಾನೂ ಬೈಕಿನಲ್ಲಿ ಹೊರಟೆವು. ಕೊಡೇಕಲ್, ಕಕ್ಕೇರಾ, ರಾಜನಕೋಳೂರು, ಕೆಂಭಾವಿ, ಬೀಗರು ಇದ್ದಲ್ಲೆಲ್ಲ. ಮನೆಗೆ ಹೋಗಿ ಚಹಾ ಕುಡಿದು "ನಮ್ಮಕಿ ಹೊಲದ ಕೌದಿ ಅದ ಏನ್ರಿ?" ಅಂತ ಅಪ್ಪ ಕೇಳುತ್ತಿದ್ದ. ಅವರು ಒಳಗಿಂದ ತಂದು ಹರಡುತ್ತಿದ್ದರು. ಕರಿ ತುಂಡು ಸಿಕ್ಕಿತೋ, ನಮ್ಮದು. ಫೋಟೋ ತೆಗೆದು, ಯಾರಿಗೆ, ಯಾವ ವರ್ಷ, ಯಾವ ಕಾರಣಕ್ಕೆ ಕೊಟ್ಟದ್ದು ಅಂತ ಬರೆದುಕೊಳ್ಳುತ್ತಿದ್ದೆ.

ಇಲ್ಲಿವರೆಗೆ 23 ಸಿಕ್ಕಿವೆ. ಒಂದು ತೊಟ್ಟಿಲೊಳಗೆ ಹಾಸಿತ್ತು, ಮೂರನೇ ಕೂಸಿಗೆ. ಒಂದು ಟ್ರ್ಯಾಕ್ಟರಿನ ಸೀಟಿನ ಮೇಲಿತ್ತು. ಒಂದನ್ನು ಅಜ್ಜಿಯೊಬ್ಬರ ಜೊತೆ ಮಣ್ಣು ಮಾಡಿದೆವು ಅಂದರು. ಅವರೇ ಹಾಗೆ ಹೇಳಿ ಹೋಗಿದ್ದರಂತೆ. ಅದನ್ನೂ ಬರೆದುಕೊಂಡೆ. ಒಂದು ಮನೆಯಲ್ಲಿ ನನಗಿಂತ ಚಿಕ್ಕ ಹುಡುಗಿ, "ಮದುವ್ಯಾಗ ಅತ್ತಿ ಕೊಟ್ಟಿದ್ರು, ಹಗುರಾಗಿರ್ಲಿ ಅಂತ ಎರಡ ಪದರ ಕಡಿಮಿ ಹಾಕೀನಿ, ನಮ್ಮ ಮಗಳು ಭಾರ ಅಂತಾಳ ಅಂದಿದ್ರು" ಅಂದಳು. ನಾನು ಬೇಡ ಅಂದ ಮೇಲೆ ಅವ್ವ ಹೊಲಿಯೋದನ್ನು ನಿಲ್ಲಿಸಿರಲಿಲ್ಲ. ಹಗುರ ಮಾಡೋದು ಕಲಿತಿದ್ದಳು.

ಒಂದು ಭಾನುವಾರ

ನಿಮ್ಮಲ್ಲಿ ಬಹಳ ಮಂದಿ ನನ್ನ ಹಾಗೇ ಊರು ಬಿಟ್ಟವರು. ನಿಮ್ಮ ಅಮ್ಮ ಕೌದಿ ಹೊಲಿಯದಿರಬಹುದು. ರಂಗೋಲಿ ಹಾಕುತ್ತಿರಬಹುದು, ಹಾಡು ಕಟ್ಟುತ್ತಿರಬಹುದು, ಹಪ್ಪಳದ ಹಿಟ್ಟಿಗೆ ಅಳತೆ ಇಲ್ಲದೆ ಉಪ್ಪು ಹಾಕುತ್ತಿರಬಹುದು. ನಾವು ಅದನ್ನು "ಟೈಂಪಾಸ್" ಅಂತಲೋ "ಮನೆಗೆಲಸ" ಅಂತಲೋ ಕರೆದು ಮುಂದೆ ಹೋಗುತ್ತೇವೆ. ಫೋನ್ ಮಾಡಿದರೆ "ಊಟ ಆಯ್ತಾ" ಅಂತಷ್ಟೇ ಕೇಳುತ್ತೇವೆ.

ಮುಂದಿನ ಸಲ ಇನ್ನೊಂದು ಪ್ರಶ್ನೆ ಕೇಳಿ. "ಇವತ್ತು ಏನು ಮಾಡಿದೆ? ಅದನ್ನು ಯಾಕೆ ಹಾಗೆ ಮಾಡಿದೆ? ಯಾರು ಕಲಿಸಿದರು?" ಊರಿಗೆ ಹೋದಾಗ ಒಂದು ಭಾನುವಾರ ಪಕ್ಕದಲ್ಲಿ ಕೂತು ವಿಡಿಯೋ ಮಾಡಿ, ಮುಖದ್ದಲ್ಲ, ಕೈಗಳದ್ದು. ಫೋಟೋದಲ್ಲಿ ಅವ್ವನ ಮುಖ ನನ್ನ ಹತ್ತಿರ ಬೇಕಾದಷ್ಟಿದೆ. ಕೈಗಳು ಕೆಲಸ ಮಾಡುತ್ತಿರೋದು ಒಂದೂ ಇಲ್ಲ.

ಅಪ್ಪನ ಬಗ್ಗೆಯೂ ಒಂದು ಮಾತು. ಅಮ್ಮ ಹೋದ ಮನೆಯಲ್ಲಿ ಎಲ್ಲರೂ ಮಕ್ಕಳನ್ನು ಸಮಾಧಾನ ಮಾಡುತ್ತಾರೆ. ಗಂಡನಿಗೆ "ಧೈರ್ಯ ತಂದ್ಕೋರಿ, ಹುಡುಗ್ರ ಮುಂದ ಅಳಬ್ಯಾಡ್ರಿ" ಅಂತ ಹೇಳಿ ಎದ್ದು ಹೋಗುತ್ತಾರೆ. ಅವನ ಬೆಳಗುಗಳಲ್ಲಿ ಏನು ಖಾಲಿ ಆಯಿತು ಅಂತ ಯಾರೂ ಕೇಳೋದಿಲ್ಲ. ನಾವೂ ಕೇಳಿರಲಿಲ್ಲ. ಸೂಜಿ ಕಣ್ಣಿಗೆ ಬೀಳದಿದ್ದರೆ ಈಗಲೂ ಕೇಳುತ್ತಿರಲಿಲ್ಲವೇನೋ.

ಆ ಕೌದಿಯನ್ನು ಈಗ ಅಪ್ಪ ಹೊದೆಯುತ್ತಾನೆ. ಚಿಗವ್ವ ಮೊದಮೊದಲು ಸಿಟ್ಟಾದರು, ಈಗ ಸುಮ್ಮನಾಗಿದ್ದಾರೆ. ವೈನಿ ಹೊಸದೊಂದು ಕೌದಿ ಹಿಡಿದಿದ್ದಾರೆ, ಅಣ್ಣನ ಮಗಳಿಗೆ. ಅಪ್ಪ ಬೆಳಗ್ಗೆ ಹತ್ತು ಸೂಜಿ ಪೋಣಿಸಿಟ್ಟೇ ಹೊಲಕ್ಕೆ ಹೋಗೋದು. ದಿನಾ ರಾತ್ರಿ ಫೋನ್ ಮಾಡಿದಾಗ ಊಟದ ವಿಷಯ ಆದ ಮೇಲೆ ನಾನು ಕೇಳುತ್ತೇನೆ:

"ಯಪ್ಪಾ, ಇವತ್ತು ಎಷ್ಟು ಖಾಲಿ ಆದ್ವು?"

ನಿನ್ನೆ ನಾಲ್ಕು ಅಂದ. ನಾನು ಕೂಡಲೇ ವೈನಿಗೆ ಫೋನ್ ಮಾಡಿ ಮೈಯಲ್ಲಿ ಆರಾಮಿದೆಯಾ ಅಂತ ಕೇಳಿದೆ. "ಆರಾಮ ಅದೀನಿ, ಮಗಳ ಪರೀಕ್ಷಾ ನಡದಾವಲ್ಲ, ಪುರಸೊತ್ತಿಲ್ಲ" ಅಂದರು.